ಹೆಣ್ಣಾಗಿ ಹುಟ್ಟೋದು ಶಿಕ್ಷೆಯಾ? ಪಂಪನ ಶ್ರೀಮತಿ ಮತ್ತು ಜನ್ಮಾಂತರದ ರಾಜಕೀಯ

‘ಯಾವ ಜನ್ಮದ ಕರ್ಮಾನೋ, ಹೆಣ್ಣಾಗಿ ಹುಟ್ಟಿಬಿಟ್ಟೆ.’ ಮುಟ್ಟಾದ ಹುಡುಗಿಯನ್ನು ಹೊರಗೆ ಕೂರಿಸುವಾಗ, ಓದು ಬಿಡಿಸಿ ಮದುವೆ ಮಾಡುವಾಗ, ಗಂಡನ ಏಟು ತಿಂದು ತವರಿಗೆ ಬಂದವಳನ್ನು ವಾಪಸ್ ಕಳಿಸುವಾಗ ಈ ಮಾತು ಕೇಳಿಬರುತ್ತೆ. ಹೇಳುವವರಿಗೆ ಇದು ಸಮಾಧಾನದ ಮಾತು. ಆದರೆ ಹೊಡೆದವನು ಎದುರಿಗೇ ಇದ್ದರೂ ತಪ್ಪು ಹೋಗಿ ಕೂರುವುದು ಅವಳ ತಲೆ ಮೇಲೆ. ಅದೂ ಅವಳಿಗೆ ನೆನಪೇ ಇಲ್ಲದ ಜನ್ಮದ ಲೆಕ್ಕದಲ್ಲಿ.

ಈ ನಂಬಿಕೆ ಒಂದು ಧರ್ಮದ ಸ್ವತ್ತಲ್ಲ. ಪಾಲಿ ಜಾತಕದ 547 ಕತೆಗಳಲ್ಲಿ ಬೋಧಿಸತ್ವ ಮೊಲ, ಕೋತಿ, ಆನೆಯಾಗಿ ಹುಟ್ಟುತ್ತಾನೆ, ಒಮ್ಮೆಯೂ ಹೆಣ್ಣಾಗಿ ಹುಟ್ಟುವುದಿಲ್ಲ. ಕನ್ನಡದಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ಒಳ್ಳೆಯ ಜಾಗ ಪಂಪನ ‘ಆದಿಪುರಾಣ’. ಜಿನಸೇನಾಚಾರ್ಯರ ಸಂಸ್ಕೃತ ‘ಪೂರ್ವಪುರಾಣ’ವನ್ನು ಆಧರಿಸಿ ಸುಮಾರು 941ರಲ್ಲಿ ಬರೆದ ಕಾವ್ಯ ಇದು. ಮೊದಲ ತೀರ್ಥಂಕರ ವೃಷಭನಾಥನ ಹಲವು ಜನ್ಮಗಳ ಕತೆ. ಆದರೆ ಅದರೊಳಗೆ ಇನ್ನೊಂದು ಜೀವದ ಪಯಣವೂ ಇದೆ.

ಹೆಸರಿಲ್ಲದವಳಿಂದ ಶ್ರೇಯಾಂಸನವರೆಗೆ

ಆ ಜೀವ ಒಂದು ಜನ್ಮದಲ್ಲಿ ಬಡ ವರ್ತಕನ ಮನೆಯ ಹುಡುಗಿ. ಹೆಸರು ನಿರ್ನಾಮಿಕೆ, ಅಂದರೆ ಹೆಸರೇ ಇಲ್ಲದವಳು. ಹಿಂದಿನ ಜನ್ಮದಲ್ಲಿ ಮುನಿಯನ್ನು ಅವಮಾನಿಸಿದ್ದೇ ಈ ಬಡತನಕ್ಕೆ ಕಾರಣ ಅನ್ನುತ್ತದೆ ಕತೆ. ವ್ರತ ಹಿಡಿದು ಅವಳು ಸ್ವರ್ಗದಲ್ಲಿ ಲಲಿತಾಂಗದೇವನ ಪ್ರಿಯೆ ಸ್ವಯಂಪ್ರಭೆಯಾಗುತ್ತಾಳೆ, ಆಮೇಲೆ ರಾಜಕುಮಾರಿ ಶ್ರೀಮತಿಯಾಗಿ ಹುಟ್ಟುತ್ತಾಳೆ. ಒಂದು ದಿನ ದೇವತೆಗಳು ಬರುವುದನ್ನು ಕಂಡು ಹಳೆಯ ಜನ್ಮ ನೆನಪಾಗಿ ಮೂರ್ಛೆ ಹೋಗುತ್ತಾಳೆ, ಮಾತು ಬಿಡುತ್ತಾಳೆ. ಕೊನೆಗೆ ತನ್ನ ನೆನಪನ್ನೇ ಚಿತ್ರಪಟವಾಗಿ ಬರೆಯುತ್ತಾಳೆ. ಅದನ್ನು ನೋಡಿ ಗುರುತಿಸಿದ ವಜ್ರಜಂಘನೇ ಅವಳ ಹಿಂದಿನ ಜನ್ಮದ ಸಂಗಾತಿ. ಇಬ್ಬರೂ ಮದುವೆಯಾಗಿ, ಕಿಟಕಿ ಮುಚ್ಚಿದ ಮಲಗುವ ಮನೆಯಲ್ಲಿ ಧೂಪದ ಹೊಗೆಗೆ ಉಸಿರುಗಟ್ಟಿ ಒಟ್ಟಿಗೇ ಸಾಯುತ್ತಾರೆ.

ಮುಂದಿನ ಜನ್ಮದಲ್ಲಿ ಇಬ್ಬರಿಗೂ ಸಮ್ಯಗ್ದರ್ಶನ, ಅಂದರೆ ಸರಿಯಾದ ನಂಬಿಕೆ, ಸಿಗುತ್ತದೆ. ಅಲ್ಲಿಂದಾಚೆಗೆ ಶ್ರೀಮತಿಯ ಜೀವ ಮತ್ತೆ ಹೆಣ್ಣಾಗುವುದೇ ಇಲ್ಲ. ಗಂಡಾಗಿ ಜನ್ಮ ಮೇಲೇರುತ್ತಾ ಕಡೆಗೆ ಹಸ್ತಿನಾಪುರದ ಶ್ರೇಯಾಂಸನಾಗುತ್ತದೆ.

ಒಂದೇ ಪಟ್ಟಿಯಲ್ಲಿ ಯಾರ್‍ಯಾರು?

ಇದು ಪಂಪನ ಕಲ್ಪನೆಯಲ್ಲ, ದಿಗಂಬರ ಸಿದ್ಧಾಂತ. ಸಮ್ಯಗ್ದರ್ಶನ ಇದ್ದವರು ಏನಾಗಿ ಹುಟ್ಟುವುದಿಲ್ಲ ಅಂತ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಪಟ್ಟಿ ಕೊಡುತ್ತದೆ. ನರಕಜೀವಿ, ಪ್ರಾಣಿ, ನಪುಂಸಕ, ಹೆಣ್ಣು, ಕೀಳು ಕುಲದವರು, ಅಂಗವಿಕಲರು, ಅಲ್ಪಾಯುಷಿ, ಬಡವರು. ಇನ್ನೊಮ್ಮೆ ಓದಿ. ಇವತ್ತು ನಾವು ಲಿಂಗ, ಜಾತಿ, ಅಂಗವೈಕಲ್ಯ, ವರ್ಗ ಅಂತ ಬೇರೆ ಬೇರೆಯಾಗಿ ಚರ್ಚಿಸುವ ಎಲ್ಲರೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಸಮಾಜ ಯಾರನ್ನು ಕೆಳಗಿಟ್ಟಿದೆಯೋ ಅವರ ಹುಟ್ಟೇ ಕೀಳು ಅಂತಾಗುತ್ತದೆ.

ಆದರೆ ಕತೆ ಸಿದ್ಧಾಂತಕ್ಕಿಂತ ದೊಡ್ಡದು. ದೀಕ್ಷೆ ಪಡೆದ ವೃಷಭನಾಥ ಆಹಾರಕ್ಕೆ ಬಂದಾಗ ಮುನಿಗೆ ಹೇಗೆ ಉಣಿಸಬೇಕು ಅಂತ ಯಾರಿಗೂ ಗೊತ್ತಿಲ್ಲ. ಜನ ರತ್ನ, ವಾಹನ ತಂದು ಒಡ್ಡುತ್ತಾರೆ. ಕೊನೆಗೆ ಕಬ್ಬಿನ ಹಾಲು ಕೊಡುವವನು ಶ್ರೇಯಾಂಸ. ಅವನಿಗೆ ಗೊತ್ತಾದದ್ದು ಹೇಗೆ? ಶ್ರೀಮತಿಯಾಗಿದ್ದಾಗ ಗಂಡನ ಜೊತೆ ಮುನಿಗಳಿಗೆ ಆಹಾರ ಕೊಟ್ಟದ್ದು ನೆನಪಾಯಿತು! ಜೈನರು ಅಕ್ಷಯ ತೃತೀಯದಂದು ನೆನೆಯುವ ಈ ದಾನಕ್ಕೆ ದಾರಿ ತೋರಿಸಿದ್ದು ಒಬ್ಬ ಹೆಣ್ಣಿನ ಅನುಭವ. ಹೆಣ್ಣುಜನ್ಮವನ್ನು ದಾಟಬೇಕು ಅನ್ನುವ ಕತೆಗೆ ಆ ಜನ್ಮದ ನೆನಪಿಲ್ಲದೆ ಮುಂದೆ ಹೋಗೋಕೇ ಆಗಲ್ಲ.

ಪ್ರಶ್ನೆ ಕೇಳಿದವರು ಆಗಲೂ ಇದ್ದರು

‘ಆ ಕಾಲದಲ್ಲಿ ಎಲ್ಲರೂ ಹಾಗೇ ಯೋಚಿಸ್ತಿದ್ದರು’ ಅನ್ನೋದೂ ಸುಳ್ಳು. ಜಿನಸೇನರು ರಾಷ್ಟ್ರಕೂಟ ಅಮೋಘವರ್ಷನ ಗುರು. ಅದೇ 9ನೇ ಶತಮಾನದಲ್ಲಿ ಯಾಪನೀಯ ಪಂಥದ ಶಾಕಟಾಯನರು ಹೆಣ್ಣು ಹೆಣ್ಣಾಗಿಯೇ ಮೋಕ್ಷ ಪಡೆಯಬಲ್ಲಳು ಅಂತ ವಾದಿಸಿ ‘ಸ್ತ್ರೀನಿರ್ವಾಣ ಪ್ರಕರಣ’ ಬರೆದರು. ಬಟ್ಟೆ ಉಟ್ಟ ಮಾತ್ರಕ್ಕೆ ಅಥವಾ ಹೆಣ್ಣು ದೇಹ ಇದ್ದ ಮಾತ್ರಕ್ಕೆ ಮುಕ್ತಿಯ ದಾರಿ ಮುಚ್ಚಲ್ಲ ಅನ್ನುವುದು ಅವರ ವಾದ. ಯಾಪನೀಯರು ಕರ್ನಾಟಕದಲ್ಲಿ ಬೇರುಬಿಟ್ಟಿದ್ದ ಪಂಥ. ಮುಂದೆ ಪಂಥವೇ ಅಳಿಯಿತು, ವಾದ ಉಳಿಯಿತು.

ಸಾವಿರ ವರ್ಷದ ನಂತರ ಅಂಬೇಡ್ಕರ್ ಇದೇ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಿದರು. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರು ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಸ್ಥಿತಿ ಅನ್ನುವುದನ್ನು ತಿರಸ್ಕರಿಸಿದರು. ಬಡವರ, ದುರ್ಬಲರ ಸ್ಥಿತಿಗೆ ಸಮಾಜ ಮತ್ತು ರಾಜ್ಯ ಹೊಣೆ ಹೊರದೆ ತಪ್ಪಿಸಿಕೊಳ್ಳೋಕೆ ಅದು ನೆಪ ಅನ್ನುವುದು ಅವರ ಸ್ಪಷ್ಟ ನಿಲುವು.

ಹಾಗಂತ ಶ್ರೀಮತಿಯ ಕತೆಯನ್ನು ಎಸೆಯಬೇಕಿಲ್ಲ. ಒಂದೇ ಜೀವ ಹೆಣ್ಣೂ ಆಗಿತ್ತು, ಗಂಡೂ ಆಗಿತ್ತು ಅಂತ ನಂಬುವವರು ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು: ಹಾಗಾದರೆ ಮೇಲು–ಕೀಳು ಆ ಜೀವದಲ್ಲಿ ಎಲ್ಲಿದೆ? ಇಲ್ಲ. ಅದಿರೋದು ಓದು ಬಿಡಿಸುವ ನಿರ್ಧಾರದಲ್ಲಿ, ವಾಪಸ್ ಕಳಿಸುವ ತವರಿನಲ್ಲಿ. ಅದನ್ನು ಬದಲಾಯಿಸೋಕೆ ಮುಂದಿನ ಜನ್ಮದವರೆಗೆ ಕಾಯಬೇಕಿಲ್ಲ.