ನಿರ್ಬಂಧ ಸಡಿಲಾಯಿತು, ಎಚ್ಚರ ಎಲ್ಲಿರಬೇಕು?

2021ರ ಏಪ್ರಿಲ್ 27ರ ರಾತ್ರಿ ಶುರುವಾದ ಕೋವಿಡ್ ಎರಡನೇ ಅಲೆಯ ನಿರ್ಬಂಧಗಳು ಬೆಳಗಾವಿ ಜಿಲ್ಲೆಯಲ್ಲಿ ಸಡಿಲವಾಗಲು ತುಸು ತಡವಾಯಿತು. ಜೂನ್ 14ರಂದು ರಾಜ್ಯದ ಬಹುತೇಕ ಜಿಲ್ಲೆಗಳಿಗೆ ವಿನಾಯಿತಿ ಸಿಕ್ಕರೂ, ಬಿಗಿ ಮುಂದುವರಿದ 11 ಜಿಲ್ಲೆಗಳಲ್ಲಿ ಬೆಳಗಾವಿಯೂ ಸೇರಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿಯ ಅಂಗಡಿಗಳಿಗೆ ಸಂಜೆ 5ರವರೆಗೆ ಬಾಗಿಲು ತೆರೆಯಲು ಅನುಮತಿ ದೊರೆತದ್ದು ಜೂನ್ 21ರಿಂದ. ಜುಲೈ 5ರಿಂದ ವಾರಾಂತ್ಯದ ಕರ್ಫ್ಯೂ ರದ್ದಾಯಿತು. ಗುಡಿಗಳಲ್ಲಿ ದರ್ಶನಕ್ಕೆ ಅವಕಾಶವಾಯಿತು, ಸೇವೆಗಳಿಗೆ ಇರಲಿಲ್ಲ. ಮದುವೆಗೆ 100 ಜನ, ಅಂತ್ಯಕ್ರಿಯೆಗೆ 20 ಜನ ಎಂಬ ಮಿತಿ ಉಳಿಯಿತು.

ಆದೇಶ ತಾರೀಖು ನೋಡಿ ಬದಲಾಗುತ್ತದೆ. ಸೋಂಕಿಗೆ ಆ ಲೆಕ್ಕವಿಲ್ಲ. ಸೋಂಕು ತಗುಲಿದವರಲ್ಲಿ ಲಕ್ಷಣ ಕಾಣಿಸಲು 2ರಿಂದ 14 ದಿನ ಬೇಕು. ಲಕ್ಷಣ ಕಾಣುವ ಮುನ್ನವೇ ಅವರಿಂದ ಇತರರಿಗೆ ಹರಡಬಹುದು. ಹಾಗಾಗಿ ಪೇಟೆ ತೆರೆದ ದಿನದ ಜನಜಂಗುಳಿಯ ಫಲ ತಿಳಿಯುವುದು ಎರಡು ವಾರ ಕಳೆದ ಮೇಲೆ. ಗಾಳಿಯಾಡದ ಜಾಗ, ಒತ್ತಾದ ಜನ, ಹೆಚ್ಚು ಹೊತ್ತಿನ ಮಾತು: ಈ ಮೂರೂ ಒಂದೆಡೆ ಕೂಡಿದರೆ ಅಪಾಯ ಹೆಚ್ಚು. ಬಯಲು, ಅಂತರ, ಬೇಗ ಮುಗಿಯುವ ಕೆಲಸ ಇದ್ದಲ್ಲಿ ಕಡಿಮೆ. ನಿಯಮಪುಸ್ತಕದಲ್ಲಿಲ್ಲದ ಸಂದರ್ಭಗಳನ್ನೂ ಈ ಅಳತೆಯಿಂದ ತೂಗಬಹುದು.

ಮೂಡಲಗಿ ದನದ ಪೇಟೆಗೆ ಹೆಸರಾದ ಊರು. ಪೇಟೆ ನಡೆಯುವುದು ಬಯಲಲ್ಲಿ, ಅದು ಅನುಕೂಲವೇ. ಆದರೆ ಈ ಭಾಗದ ದನದ ವ್ಯಾಪಾರದಲ್ಲಿ ದರ ಕುದುರುವುದು ಟವೆಲ್ ಮರೆಯಲ್ಲಿ. ದಲಾಲಿ ಮತ್ತು ಗಿರಾಕಿ ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು, ಬಟ್ಟೆಯ ಕೆಳಗೆ ಬೆರಳು ಹಿಡಿದು ಸಾವಿರ, ನೂರರ ಲೆಕ್ಕ ತಿಳಿಸುತ್ತಾರೆ. ಒಂದೇ ಎಮ್ಮೆಗೆ ನಾಲ್ಕು ಗಿರಾಕಿ ಬಂದರೆ ದಲಾಲಿಯ ಕೈ ನಾಲ್ವರನ್ನೂ ಮುಟ್ಟಿರುತ್ತದೆ. ಇಲ್ಲಿ ಮಾಸ್ಕ್ ಗಲ್ಲದ ಕೆಳಗೆ ಇಳಿಯಬಾರದು. ವ್ಯವಹಾರ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ವೈರಾಣುವಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ದರವನ್ನು ಬಾಯಿಬಿಟ್ಟು ಹೇಳಿದರೂ ವ್ಯಾಪಾರವೇನೂ ಕೆಡುವುದಿಲ್ಲ.

ಗೋಕಾಕದ ಕರದಂಟಿನ ಅಂಗಡಿಯಲ್ಲಿ ಕೆಲಸ ಎರಡು ನಿಮಿಷದ್ದು: ಡಬ್ಬಿ ಹೇಳಿ, ದುಡ್ಡು ಕೊಟ್ಟು ಹೊರಡಬಹುದು. ಬಸ್ಸಿನದು ಬೇರೆ ಮಾತು. ಜೂನ್ 21ರಿಂದ ಅರ್ಧ ಸೀಟಿಗೆ ಓಡಿದ ಬಸ್ಸುಗಳಿಗೆ ಜುಲೈ 5ರಿಂದ ಎಲ್ಲ ಸೀಟು ತುಂಬಲು ಅನುಮತಿ ಸಿಕ್ಕಿತು. ಮಳೆಗಾಲದಲ್ಲಿ ಎಲ್ಲರೂ ಕಿಟಕಿ ಮುಚ್ಚುತ್ತಾರೆ. ಎರಡು ಕಡೆ ಒಂದೊಂದು ಕಿಟಕಿ ತುಸು ತೆರೆದಿಟ್ಟರೂ ಗಾಳಿ ಹಾಯುತ್ತದೆ. ಮದುವೆಯಲ್ಲಿ ಅಪಾಯ ಅಕ್ಷತೆಗಿಂತ ಊಟದ ಪಂಕ್ತಿಯಲ್ಲಿ ಹೆಚ್ಚು, ಅಲ್ಲಿ ಎಲ್ಲರ ಮಾಸ್ಕೂ ಕೆಳಗಿಳಿದಿರುತ್ತದೆ. ಪಂಕ್ತಿಯನ್ನು ಮಂಟಪದ ಹೊರಗೆ ಹಾಕುವುದು ಲೇಸು.

ಹುಕ್ಕೇರಿ, ಸಂಕೇಶ್ವರದವರಿಗೆ ಗಡಹಿಂಗ್ಲಜ, ಕೊಲ್ಹಾಪುರದ ಕಡೆ ಬೀಗರು, ವ್ಯಾಪಾರ ಎರಡೂ ಉಂಟು. ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಅಥವಾ ಒಂದು ಡೋಸ್ ಲಸಿಕೆಯ ಪ್ರಮಾಣಪತ್ರ ಬೇಕಿತ್ತು. ಜುಲೈ ಕೊನೆಗೆ ಲಸಿಕೆ ಪಡೆದವರಿಗೂ ವರದಿ ಕಡ್ಡಾಯವಾಯಿತು. ಆದರೆ ನೆಗೆಟಿವ್ ವರದಿ ಮಾದರಿ ಕೊಟ್ಟ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆಮೇಲೆ ಜ್ವರ, ಕೆಮ್ಮು ಬಂದರೆ ವರದಿ ಕೈಲಿದ್ದರೂ ಪ್ರಯಾಣ ಮುಂದೂಡಬೇಕು.

ಜುಲೈ 5ರ ಸಡಿಲಿಕೆಯಾಗಿ ಸುಮಾರು ಮೂರು ವಾರಕ್ಕೆ ನೆರೆ ಬಂತು. ಜುಲೈ ಕೊನೆಯ ವಾರ ಘಟಪ್ರಭಾ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಮನೆ ಬಿಟ್ಟವರಿಗೆ ಕಾಳಜಿ ಕೇಂದ್ರವೇ ಗತಿ. ಇಂಥ ಹೊತ್ತಿನಲ್ಲಿ ಸೋಂಕಿನ ಭಯಕ್ಕೆ ನೀರಿನಲ್ಲಿ ಉಳಿಯುವುದು ಜಾಣತನವಲ್ಲ. ಮೊದಲು ಜೀವ, ಕೇಂದ್ರ ಸೇರಿದ ಮೇಲೆ ಕೆಮ್ಮು, ಜ್ವರ ಇದ್ದವರಿಗೆ ಬೇರೆ ಕೋಣೆ, ವಯಸ್ಸಾದವರಿಗೆ ಕಿಟಕಿಯ ಪಕ್ಕದ ಜಾಗ.

ಆಗ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 12ರಿಂದ 16 ವಾರ ಅಂತರವಿತ್ತು. 18 ದಾಟಿದ ಎಲ್ಲರಿಗೂ ಕೇಂದ್ರದ ಉಚಿತ ಲಸಿಕೆ ಶುರುವಾದದ್ದು ಜೂನ್ 21ರಂದು. ಅಂದು ಕೋವಿಶೀಲ್ಡ್‌ನ ಮೊದಲ ಸೂಜಿ ಚುಚ್ಚಿಸಿಕೊಂಡವರಿಗೆ ಸೆಪ್ಟೆಂಬರ್‌ಗೆ ಮುನ್ನ ಎರಡನೆಯದು ಸಿಗುವಂತಿರಲಿಲ್ಲ. ಹೀಗಾಗಿ ಅಂಗಡಿ, ಬಸ್ಸು ತೆರೆದ ಆ ಮಳೆಗಾಲದಲ್ಲಿ ಪೂರ್ಣ ರಕ್ಷಣೆ ಇನ್ನೂ ದೂರವಿತ್ತು. ಮಾಸ್ಕ್, ಗಾಳಿ, ಅಂತರಗಳೇ ಆ ಕೊರತೆ ತುಂಬಬೇಕಿತ್ತು. ವಿಪತ್ತು ನಿರ್ವಹಣಾ ಕಾಯ್ದೆಯಡಿಯ ನಿರ್ಬಂಧಗಳನ್ನು ಕೇಂದ್ರ ಸರ್ಕಾರ 2022ರ ಮಾರ್ಚ್ 31ಕ್ಕೆ ಕೊನೆಗೊಳಿಸಿತು. ಮಾಸ್ಕ್ ಮತ್ತು ಕೈ ಸ್ವಚ್ಛತೆಯ ಸಲಹೆಯನ್ನು ಮಾತ್ರ ಆಗಲೂ ಹಿಂಪಡೆಯಲಿಲ್ಲ.