ಯಮಹಾ ಡಿಟಿ-1

ಯಮಹಾ ಡಿಟಿ-1 ಎಂಬುದು ಜಪಾನಿನ ಯಮಹಾ ಸಂಸ್ಥೆಯು 1968ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ, ಕಾಡುದಾರಿಗೂ ಡಾಂಬರು ರಸ್ತೆಗೂ ಒಗ್ಗುವ ಹಗುರವಾದ ಮೋಟಾರ್‌ಸೈಕಲ್. ಅದಕ್ಕೂ ಮೊದಲು ಅಲ್ಲಿನ ಕಚ್ಚಾದಾರಿಗಳಲ್ಲಿ ಓಡುತ್ತಿದ್ದವುಗಳಲ್ಲಿ ಅನೇಕವು ರಸ್ತೆಯ ಭಾರವಾದ ಬೈಕುಗಳ ಮಾರ್ಪಾಡುಗಳೇ. ಕೆಸರಿನಲ್ಲಿ ಉರುಳಿದರೆ ಒಬ್ಬನೇ ಎತ್ತಿ ನಿಲ್ಲಿಸುವುದು ಪ್ರಯಾಸದ ಕೆಲಸವಾಗಿತ್ತು. ಡಿಟಿ-1ರ ತೂಕವಾದರೋ ಸುಮಾರು 112 ಕಿಲೋಗ್ರಾಂ.

ಇದರ 246 ಸಿಸಿ ಸಾಮರ್ಥ್ಯದ, ಒಂದೇ ಸಿಲಿಂಡರಿನ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳ ಜಟಿಲ ಜೋಡಣೆಯಿಲ್ಲ. ಬೀಸುವ ಗಾಳಿಯೇ ಅದನ್ನು ತಂಪಾಗಿಸುವುದರಿಂದ ರೇಡಿಯೇಟರ್ ಕೂಡ ಬೇಕಿಲ್ಲ. ಪೆಟ್ರೋಲಿಗೆ ಎಣ್ಣೆಯನ್ನು ಅಳೆದು ಬೆರೆಸುವ ತೊಂದರೆಯನ್ನು 'ಆಟೋಲ್ಯೂಬ್' ಪಂಪು ತಪ್ಪಿಸಿತು. ಸಾಧಾರಣ ಸ್ಪ್ಯಾನರುಗಳಿಂದಲೇ ಬಹಳಷ್ಟು ದುರಸ್ತಿಯನ್ನು ಸವಾರನೇ ಮಾಡಿಕೊಳ್ಳಬಹುದು. ಹಳೆಯ ಡಿಟಿ-1ಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿರುವುದಕ್ಕೆ ಈ ಸರಳತೆ ಮುಖ್ಯ ಕಾರಣವೆನ್ನಬಹುದು. ಎಣ್ಣೆ ಸುಡುವ ನೀಲಿ ಹೊಗೆ ಮಾತ್ರ ಇದರ ದೊಡ್ಡ ಕುಂದು.