ಮೊಮ್ಮಗನ ಗಡ್ಡದ ಓತಿ

ಕಳೆದ ಜನವರಿಯಲ್ಲಿ ನಾವಿಬ್ಬರೂ ಸಿಡ್ನಿಯಲ್ಲಿರುವ ಮಗನ ಮನೆಯಲ್ಲಿದ್ದಾಗ ಮೊಮ್ಮಗನಿಗೆ ಹತ್ತು ವರ್ಷ ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕು ಮಗಾ ಎಂದು ಕೇಳಿದರೆ ಸೈಕಲ್ಲೂ ಬೇಡ, ಬ್ಯಾಟೂ ಬೇಡ, "ಬಿಯರ್ಡೆಡ್ ಡ್ರ್ಯಾಗನ್ ಬೇಕು ಅಜ್ಜ" ಎಂದ. ಚಿತ್ರ ನೋಡಿ ನಮಗೆ ನಗು ಬಂತು. ಕಾಸರಗೋಡಿನ ನಮ್ಮ ತೋಟದ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓಂತಿಯ ದೊಡ್ಡಣ್ಣನಂತಿತ್ತು ಅದು. ನೆಂಟಸ್ತಿಕೆ ಸುಳ್ಳೂ ಅಲ್ಲ. ಎರಡೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಬಾಲ್ಯದಲ್ಲಿ ಕಲ್ಲೆಸೆದು ಓಡಿಸುತ್ತಿದ್ದ ಪ್ರಾಣಿಯ ನೆಂಟನನ್ನು ಹಣ ಕೊಟ್ಟು ಮನೆಗೆ ತರುವ ಕಾಲ ಬಂತಲ್ಲ ಎಂದುಕೊಂಡೆವು.

ಈ ಗಡ್ಡದ ಓತಿ ಆಸ್ಟ್ರೇಲಿಯಾದ ಒಳನಾಡಿನ ಒಣ ಪ್ರದೇಶದ್ದು. ಗಂಟಲ ಕೆಳಗೆ ಮುಳ್ಳಿನಂಥ ಹುರುಪೆಗಳಿವೆ. ಹೆದರಿದರೆ ಅದನ್ನು ಉಬ್ಬಿಸಿ ಕಪ್ಪಗಾಗಿಸುತ್ತದೆ, ಆಗ ಥೇಟು ಗಡ್ಡ! ಸ್ವಭಾವ ಮಾತ್ರ ಸೌಮ್ಯ. ಬೆಳೆದರೆ ಬಾಲವೂ ಸೇರಿ ಒಂದೂವರೆಯಿಂದ ಎರಡು ಅಡಿ, ಆಯಸ್ಸು ಹತ್ತು ವರ್ಷದ ಆಸುಪಾಸು. ಅಂದರೆ ಹುಡುಗ ಕಾಲೇಜಿಗೆ ಹೋಗುವಾಗಲೂ ಅದು ಮನೆಯಲ್ಲಿರುತ್ತದೆ. ಕಾಡಿನಿಂದ ಹಿಡಿದು ತರುವಂತಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಸಾಕಲು ಲೈಸೆನ್ಸ್ ಬೇಕು. ಮಗ ತನ್ನ ಹೆಸರಿನಲ್ಲಿ ಮಾಡಿಸಿದ.

ಮರಿ ನೋಡುವ ಮೊದಲು ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯೆಯೊಬ್ಬರನ್ನು ಕಂಡೆವು. "ಮೊದಲು ಮನೆ ಸಿದ್ಧವಾಗಲಿ, ಆಮೇಲೆ ಮರಿ" ಎಂದರು ಅವರು. ನಾಲ್ಕಡಿ ಉದ್ದದ ಪೆಟ್ಟಿಗೆ. ಅದರ ಒಂದು ತುದಿಯಲ್ಲಿ ಮೈ ಕಾಯಿಸಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ, ಇನ್ನೊಂದು ತುದಿಯಲ್ಲಿ 25ರಷ್ಟು ತಂಪು. ಅದು ತನಗೆ ಬೇಕಾದ ಕಡೆಗೆ ಸರಿದು ಮೈಯ ಶಾಖ ಸರಿಪಡಿಸಿಕೊಳ್ಳಬೇಕು. ಅದಕ್ಕಿಂತಲೂ ಮುಖ್ಯವಾದದ್ದು ಯುವಿಬಿ ಬೆಳಕು. ಈ ನೇರಳಾತೀತ ಕಿರಣ ಚರ್ಮದ ಮೇಲೆ ಬಿದ್ದರೆ ಡಿ3 ಜೀವಸತ್ವ ಹುಟ್ಟುತ್ತದೆ, ಡಿ3 ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಅದಿಲ್ಲದ ಮರಿಯ ಮೂಳೆ ಮೆತ್ತಗಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ, ಕಾಲು ಸೊಟ್ಟಗಾಗಿ ನಡುಗುತ್ತದೆ. ಕಿಟಕಿಯ ಬಳಿ ಇಟ್ಟರೆ ಸಾಕಲ್ಲ ಎಂದು ನಾವು ಕೇಳಿದೆವು. ಸಾಲದು, ಗಾಜು ಆ ಕಿರಣವನ್ನು ತಡೆಯುತ್ತದೆ. ವಿಶೇಷ ದೀಪವೇ ಬೇಕು. ಆ ದೀಪ ಉರಿಯುತ್ತಿದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಅದರ ಕಿರಣದ ಬಲ ಕುಗ್ಗುತ್ತದೆ, ಬದಲಾಯಿಸಬೇಕು.

ಮರಿಯ ಬೆಲೆಗಿಂತ ಈ ಸಿದ್ಧತೆಯ ಖರ್ಚೇ ಹಲವು ಪಟ್ಟು ಹೆಚ್ಚು. ಅಷ್ಟು ಹಣವನ್ನು ಒಂದು ಓತಿಗೆ ಸುರಿಯುವುದೇ ಎಂದು ನಮಗೆ ಕಸಿವಿಸಿಯಾಯಿತು. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೇ ಕಂಡಿಕೆ ಪ್ರಾಣಿಗಳನ್ನು ಸುಮ್ಮನೆ ನರಳಿಸುವುದು ತಪ್ಪು ಎನ್ನುತ್ತದೆ. ಮನುಷ್ಯರ ಕಷ್ಟಕ್ಕೆ ಸಲ್ಲಬೇಕಾದ ಹಣವನ್ನು ಅವುಗಳಿಗೆ ಚೆಲ್ಲುವುದೂ ಸಲ್ಲದು ಎನ್ನುತ್ತದೆ. ಆ ವರ್ಷ ಬೇರೆ ಉಡುಗೊರೆ ಕೇಳುವುದಿಲ್ಲವೆಂದು ಹುಡುಗ ಒಪ್ಪಿದ ಮೇಲೆಯೇ ಮಾತು ಮುಂದುವರಿದದ್ದು.

ಮೊದಲು ಹೋದದ್ದು ಮನೆಯಲ್ಲೇ ಮರಿ ಮಾಡಿಸಿ ಮಾರುವ ಒಬ್ಬರ ಬಳಿಗೆ. ಒಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮರಿಗಳು ಒಂದರ ಮೇಲೊಂದು. ಮೂಲೆಯಲ್ಲಿ ಒಂದು ಮರಿ ಕಣ್ಣು ಮುಚ್ಚಿ ಬಿದ್ದಿತ್ತು. ಬಾಲದ ತುದಿ ಇರಲಿಲ್ಲ, ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಹುಡುಗ ಉಳಿದ ಯಾವುದನ್ನೂ ನೋಡಲಿಲ್ಲ. "ಅಜ್ಜಿ, ಇದನ್ನು ಯಾರೂ ಕೊಳ್ಳುವುದಿಲ್ಲ. ನಾವೇ ತೆಗೆದುಕೊಂಡು ಹೋಗೋಣ" ಎಂದ. ಮಾರುವವರೂ ಅರ್ಧ ಬೆಲೆಗೆ ಕೊಡಲು ತಯಾರಿದ್ದರು.

ನಾವು ಬೇಡವೆಂದೆವು. ಕಾರಿನಲ್ಲಿ ಹುಡುಗ ಮಾತಾಡಲಿಲ್ಲ. ಮನೆ ತಲುಪಿದ ಮೇಲೆ ಕೇಳಿದ, "ಕಳೆದುಹೋದ ಕುರಿಯನ್ನು ಹುಡುಕಿಕೊಂಡು ಹೋಗಬೇಕು ಅಂತ ಧರ್ಮೋಪದೇಶ ತರಗತಿಯಲ್ಲಿ ಹೇಳಿದ್ದಾರಲ್ಲ?" ಉತ್ತರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕುರುಬನಿಗೆ ಕುರಿ ಸಾಕಿ ಗೊತ್ತಿತ್ತು. ನಮಗೆ ಓತಿ ಸಾಕಿ ಗೊತ್ತಿಲ್ಲ. ರೋಗದ ಮರಿ ನಮ್ಮ ಕೈಯಲ್ಲಿ ನರಳಿ ಸಾಯುವ ಸಂಭವವೇ ಹೆಚ್ಚು. ಅದೂ ಅಲ್ಲದೆ, ಅದಕ್ಕೆ ಹಣ ಕೊಟ್ಟರೆ ಆ ತೊಟ್ಟಿಯಲ್ಲಿ ಇನ್ನಷ್ಟು ಮರಿಗಳನ್ನು ತುಂಬಲು ನಾವೇ ಹಣ ಕೊಟ್ಟಂತೆ. ಹುಡುಗ ಒಪ್ಪಿದನೆಂದು ಹೇಳಲಾರೆವು. ಮಗ ಮಾತ್ರ ಮಾರುವವರಿಗೆ ಫೋನ್ ಮಾಡಿ ವೈದ್ಯೆಯ ವಿಳಾಸ ಕೊಟ್ಟ, ತೋರಿಸುತ್ತೇವೆ ಎಂದರಂತೆ.

ಎರಡನೆಯ ಕಡೆ ಮರಿಗಳು ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದವು. ದೊಡ್ಡವು ಚಿಕ್ಕವುಗಳ ಬೆರಳು, ಬಾಲ ಕಚ್ಚುವುದುಂಟು. ಆದ್ದರಿಂದ ಇದನ್ನೇ ಮೊದಲು ನೋಡಬೇಕು. ನಾವು ಆರಿಸಿದ್ದು ಮೂರು ತಿಂಗಳು ದಾಟಿದ ಮರಿ. ತೀರಾ ಎಳೆಯದು ಹೊಸಬರಿಗೆ ಕಷ್ಟ. ಕೈ ಹತ್ತಿರ ತಂದರೆ ತಲೆಯೆತ್ತಿ ನೋಡಿತು. ಕಣ್ಣು ತೆರೆದು ಹೊಳೆಯುತ್ತಿತ್ತು, ಮೂಗು ಬಾಯಿಗಳಲ್ಲಿ ಲೋಳೆಯಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತಿರಲಿಲ್ಲ. (ಬಿಸಿ ಕಾಯುವಾಗ ಬಾಯಿ ತೆರೆಯುವುದು ಸಹಜ, ತಂಪಿನಲ್ಲೂ ತೆರೆದರೆ ಅನುಮಾನಿಸಬೇಕು.) ಬಾಲದ ಬುಡ ತುಂಬಿಕೊಂಡಿತ್ತು, ದವಡೆ ಗಟ್ಟಿ, ಬೆರಳುಗಳೆಲ್ಲ ಇದ್ದವು, ಮಲದ್ವಾರದ ಸುತ್ತ ಕೊಳೆ ಅಂಟಿರಲಿಲ್ಲ. ನಡೆಯುವಾಗ ಹೊಟ್ಟೆಯನ್ನು ನೆಲದಿಂದ ಎತ್ತಿಕೊಂಡೇ ನಡೆಯಿತು. ಕೊನೆಗೆ, ನಮ್ಮೆದುರೇ ಮೇವು ಹಾಕಿ ಎಂದೆವು. ಮೂರು ಹುಳಗಳನ್ನು ಗಬಕ್ಕನೆ ನುಂಗಿತು. ತಿನ್ನುವುದನ್ನು ನೋಡದೆ ಕೊಳ್ಳಲೇಬಾರದು.

ಹೀಗೆಲ್ಲ ನೋಡಿದರೂ ಒಳಗಿನದು ಕಾಣುವುದಿಲ್ಲ. ಅಡೆನೊವೈರಸ್ ಇರುವ ಮರಿ ಹೊರಗೆ ಚೆನ್ನಾಗಿಯೇ ಕಾಣಬಹುದು. ಹೊಟ್ಟೆಯ ಪರೋಪಜೀವಿಗಳು ಮಲ ಪರೀಕ್ಷೆಯಲ್ಲೇ ತಿಳಿಯಬೇಕು. ಮೊದಲ ವಾರದಲ್ಲೇ ಮಾಡಿಸಿದೆವು. ಮೇವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುವುದು, ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಹಾಕದಿರುವುದು, ಬೆಳೆದಂತೆ ಹುಳ ಕಡಿಮೆ ಮಾಡಿ ಸೊಪ್ಪು ಹೆಚ್ಚಿಸುವುದು, ಎಲ್ಲವನ್ನೂ ಹುಡುಗ ಬರೆದು ಗೋಡೆಗೆ ಅಂಟಿಸಿದ. ಜೀವಮಾನವಿಡೀ ಚಪ್ಪಲಿಯಿಂದ ಹೊಡೆದ ಜಿರಳೆಯನ್ನು ಡಬ್ಬದಲ್ಲಿ ಕೊಂಡು ತಂದು ಮನೆಯಲ್ಲಿಡುವುದಕ್ಕೆ ಅಜ್ಜಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ!

ಆರೋಗ್ಯವಾಗಿರುವ ಓತಿಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಅದರ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇದು ಬೇಡವೆಂದೇ ವೈದ್ಯರು ಹೇಳುತ್ತಾರೆ.

ಊರಿಗೆ ಮರಳಿದ ಮೇಲೆ, ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ಒಂದಿಬ್ಬರು ಮಕ್ಕಳು "ನಮಗೂ ಒಂದು ತರಬಹುದಿತ್ತಲ್ಲ" ಎಂದರು. ತರುವಂತಿಲ್ಲ ಮಕ್ಕಳೇ. ಅಲ್ಲಿಯ ಸರೀಸೃಪವನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಸಾಗಿಸಿದರೆ ಹತ್ತು ವರ್ಷದವರೆಗೂ ಸೆರೆವಾಸವಿದೆ. ಇಲ್ಲಿ ನಕ್ಷತ್ರ ಆಮೆಯನ್ನು ಅದೃಷ್ಟ ತರುತ್ತದೆಂದು ಗುಟ್ಟಾಗಿ ಕೊಂಡು ಸಾಕುವವರಿದ್ದಾರೆ. ಅದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೇ. ಬೇಲಿಯ ಮೇಲಿನ ಓಂತಿಯನ್ನು ಅಲ್ಲೇ ನಿಂತು ನೋಡಿ, ಅದಕ್ಕೆ ಲೈಸೆನ್ಸೂ ಬೇಡ, ದೀಪವೂ ಬೇಡ.

ಸಿಡ್ನಿಯ ಮರಿ ಈಗ ಒಂದಡಿ ದಾಟಿದೆ. ಪ್ರತಿ ವಾರ ಫೋನಿನಲ್ಲಿ ಅದರ ತೂಕ ಹೇಳುತ್ತಾನೆ ಮೊಮ್ಮಗ. ತೂಕ ಹೇಳಿ ಮುಗಿಸಿದ ಮೇಲೆ ಒಮ್ಮೊಮ್ಮೆ, ಮೂಲೆಯಲ್ಲಿದ್ದ ಆ ಇನ್ನೊಂದು ಮರಿಯನ್ನು ಅವರು ವೈದ್ಯರಿಗೆ ತೋರಿಸಿದರಾ ಎಂದು ಕೇಳುತ್ತಾನೆ.